ಸೀತತ್ತಿಗೆಯ ಪೊಲೀಸ್ ಬ್ಯಾಂಡು

ನಮ್ಮ ಸೀತತ್ತಿಗೆಗೆ ಒಂದು ಹವ್ಯಾಸ ಇತ್ತು ಎಂದು ಹೇಳಿದರೆ ಜನ ಮೊದಲು ಕೇಳುವುದು, ಕಸೂತಿಯೋ ಹೂವಿನ ಗಿಡವೋ ಎಂದು. ಎರಡೂ ಅಲ್ಲ, ರೇಡಿಯೋದಲ್ಲಿ ಪೊಲೀಸರ ವಯರ್‌ಲೆಸ್ ಕೇಳುವುದು ಎಂದರೆ ಅದೆಂತಕ್ಕೆ ಎನ್ನುತ್ತಾರೆ. ಆಮೇಲೆ ತಾವೇ ಒಂದು ಕಾರಣ ಹುಡುಕಿ ಕೊಡುತ್ತಾರೆ. ಪಾಪ, ಗಂಡ ಲಾರಿ ಡ್ರೈವರ್ ಅಲ್ಲವಾ, ಹೈವೇಯಲ್ಲಿ ಎಲ್ಲಿ ಎಂತ ಆಯಿತೋ ಎಂಬ ಚಿಂತೆ ಇರುತ್ತದೆ ಎಂದು. ಈ "ಪಾಪ" ಕೇಳಿದರೆ ನನಗೆ ಮೈ ಉರಿಯುತ್ತದೆ. ಗಂಡಸು ಇಡೀ ದಿನ ಗಾಳ ಹಾಕಿಕೊಂಡು ಹೊಳೆಬದಿಯಲ್ಲಿ ಕೂತರೆ ಅದು ಹವ್ಯಾಸ. ಹೆಂಗಸು ರೇಡಿಯೋದ ಕಿವಿ ತಿರುಪಿದರೆ ಅದಕ್ಕೆ ಗಂಡನ ಚಿಂತೆಯೇ ಕಾರಣ ಆಗಬೇಕು. ಆ ಗಂಡನ ಸ್ವಂತ ತಂಗಿ ನಾನು, ನಾನೇ ಹೇಳುತ್ತೇನೆ, ಅವಳಿಗೆ ಕೇಳುವುದು ಇಷ್ಟ ಇತ್ತು, ಅದಕ್ಕೆ ಕೇಳಿದಳು. ಚಿಂತೆ ಇದ್ದದ್ದೇ, ಅದು ಬೇರೆ ವಿಷಯ.

ನಾನು ಕಲ್ಪನಾ. ಕುಮಟೆಯಲ್ಲಿ ಟೇಲರಿಂಗ್ ಅಂಗಡಿ ನನ್ನದು, ತವರು ಹೊನ್ನಾವರದ ಹತ್ತಿರದ ಮಂಕಿ. ಅಣ್ಣ ರಾಮ ತೆಂಗಿನಗುಂಡಿ ಬಂದರಿನಲ್ಲಿ ಮೀನು ತುಂಬಿಕೊಂಡು ಗೋವೆಗೆ ಲಾರಿ ಹೊಡೆಯುತ್ತಿದ್ದ. ಮದುವೆಯಾಗಿ ಎರಡು ವರ್ಷದ ಮೇಲೆ ಅತ್ತಿಗೆ ಅವನ ಹತ್ತಿರ ಮೊದಲ ಸಲ ಬಾಯಿಬಿಟ್ಟು ಕೇಳಿದ್ದು ಒಂದು ಮಿಕ್ಸರ್. ಮಿಕ್ಸರ್ ತರಲು ಭಟ್ಕಳದ ಪೇಟೆಗೆ ಹೋದ ಅಣ್ಣ ರೇಡಿಯೋ ತಂದ. ಆಗ ಕೊಲ್ಲಿ ದೇಶದ ಸಾಮಾನೆಲ್ಲ ಭಟ್ಕಳದಲ್ಲಿ ಸಿಗುತ್ತಿತ್ತು. ಅಂಗಡಿಯ ಸಾಹೇಬರು, "ಲಾಸ್ಟ್ ಪೀಸ್ ಭಾಯ್, ಇಡೀ ದುನಿಯಾ ಬರ್ತದೆ ಇದ್ರಲ್ಲಿ," ಎಂದರಂತೆ, ಇವನು ಕರಗಿದನಂತೆ. ಜಪಾನಿನ ಸೆಟ್ಟು, ಎತ್ತಿದರೆ ಒಂದು ಕುಂಬಳಕಾಯಿಯಷ್ಟು ಭಾರ, ಎದುರಿಗೆ ಸಾಲು ಸಾಲು ಅಂಕೆ. ಅತ್ತಿಗೆ ಅದನ್ನು ಮುಟ್ಟಲಿಲ್ಲ. ವಾರಗಟ್ಟಲೆ ಒರಳುಕಲ್ಲಿನಲ್ಲಿ ಗಡಗಡ ಸದ್ದು ಮಾಡಿ ಮಸಾಲೆ ಅರೆದು, ರೇಡಿಯೋ ತಂದ ಗಂಡನಿಗೆ ತನ್ನ ಅಭಿಪ್ರಾಯ ತಿಳಿಸಿದಳು.

ಒಂದು ಮಧ್ಯಾಹ್ನ ಧೂಳು ಒರೆಸುವಾಗ ಗುಂಡಿ ಒತ್ತಿಹೋಯಿತು. ಬ್ಯಾಂಡು ಎಲ್ಲಿ ನಿಂತಿತ್ತೋ, ಹಾಡೂ ಇಲ್ಲ, ವಾರ್ತೆಯೂ ಇಲ್ಲ, ಯಾರೋ ಒಬ್ಬ ಗಂಡಸು, "ಕಂಟ್ರೋಲ್, ಕಂಟ್ರೋಲ್, ಸೇತುವೆ ಹತ್ರ ಊಟ ಬರ್ಲಿಲ್ಲ," ಎನ್ನುತ್ತಿದ್ದ. ಯಾರೋ ಮಂತ್ರಿ ಹೋಗುವವರಿದ್ದರು, ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಬಂದೋಬಸ್ತಿಗೆ ನಿಂತ ಪೊಲೀಸ. ಕಂಟ್ರೋಲಿನವರು ಬರ್ತದೆ ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವನು ಮತ್ತೆ ಕೇಳಿದ, ಅವರು ಮತ್ತೆ ಬರ್ತದೆ ಎಂದರು. ಅತ್ತಿಗೆ ಧೂಳಿನ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಕೂತಳು. ಆ ಪೊಲೀಸನಿಗೆ ಊಟ ಬಂತಾ ಇಲ್ಲವಾ ತಿಳಿಯದೆ ಏಳುವುದಾದರೂ ಹೇಗೆ ಎಂದು ನನ್ನನ್ನೇ ಕೇಳಿದ್ದಾಳೆ. ಕಡೆಗೆ ಹೊತ್ತು ಇಳಿಯುವಾಗ, "ಊಟ ಬಂತು, ಸಾರು ಚೆಲ್ಲಿಹೋಗಿದೆ," ಎಂಬ ವರದಿ ಬಂತು. ಅಂದಿನಿಂದ ಆ ರೇಡಿಯೋ ಅಣ್ಣನದಲ್ಲ, ಅತ್ತಿಗೆಯದು. ಮಿಕ್ಸರಿನ ಸುದ್ದಿಯನ್ನು ಅವಳು ಮತ್ತೆ ಎತ್ತಲೂ ಇಲ್ಲ.

ಅವಳು ಓದಿದ್ದು ಏಳನೇ ಇಯತ್ತೆ. ಆದರೆ ಒಂದು ಕೆಲಸ ಹಿಡಿದರೆ ಬಿಡುವವಳಲ್ಲ. ಹೊನ್ನಾವರ ಪೇಟೆಯಲ್ಲಿ ದಾಸ ಎಂಬವನ ರೇಡಿಯೋ ರಿಪೇರಿ ಅಂಗಡಿ ಇತ್ತು. ಅವನ ಹತ್ತಿರ ಕೇಳಿ, ಹಳೆ ಟಿವಿ ಆಂಟೆನಾದ ಕೊಳವೆಯನ್ನು ಎರಡು ಗೇಣು ಉದ್ದಕ್ಕೆ ಕೊಯ್ಸಿದಳು. ಎರಡು ಗೇಣಿಗಿಂತ ಹೆಚ್ಚಾದರೂ ದನಿ ಮಂಕು, ಕಡಿಮೆಯಾದರೂ ಮಂಕು. ಕಾಯಿ ಕೊಯ್ಯುವ ಮಂಜುವಿಗೆ ಹೇಳಿ ಅದನ್ನು ಅಂಗಳದ ತೆಂಗಿನ ಮರದ ತುದಿಗೆ ಕಟ್ಟಿಸಿದಳು. ಮಂಜು ಮೇಲೆ, ಇವಳು ಕೆಳಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, "ಹೊಳೆ ಬದಿಗೆ ತಿರುಗ್ಸು, ಇನ್ನೂ ಒಂಚೂರು, ಹಾಂ, ಆತು," ಎಂದು ಕೂಗುವುದು. ಮಂಜುವಿಗೆ ಇದು ಕಾಯಿ ಹೆಚ್ಚು ಹಿಡಿಯಲು ಮಾಡುವ ಏನೋ ಉಪಾಯ ಎಂದು ಎಷ್ಟೋ ವರ್ಷ ಅನುಮಾನ ಇತ್ತು.

ಮೆಲ್ಲಗೆ ದನಿಗಳ ಗುರುತು ಸಿಕ್ಕಿತು. ಕುಮಟೆಯವನೊಬ್ಬ ಮಾತು ಶುರು ಮಾಡುವ ಮೊದಲು ಕೆಮ್ಮುತ್ತಾನೆ. ಭಟ್ಕಳದವನೊಬ್ಬ ಸಿಟ್ಟು ಬಂದರೆ ಮೆಲ್ಲಗೆ ಮಾತಾಡುತ್ತಾನೆ. ಹೊಸಬರು ಗುಂಡಿ ಒತ್ತಿದ ಕೂಡಲೇ ಬಾಯಿ ಬಿಡುತ್ತಾರೆ, ಮೊದಲನೇ ಅಕ್ಷರ ತಿಂದುಹೋಗುತ್ತದೆ. ಅತ್ತಿಗೆ ಮುಖ ನೋಡದ ಆ ಹುಡುಗರನ್ನೆಲ್ಲ ಮನಸ್ಸಿನಲ್ಲೇ ತಿದ್ದುತ್ತಿದ್ದಳು. ಒತ್ತು, ಒಂದುಸಿರು ತಡೆ, ಆಮೇಲೆ ಮಾತಾಡು ಎಂದು ರೇಡಿಯೋಕ್ಕೆ ಹೇಳುತ್ತ ಮೀನು ಕೊಯ್ಯುವಳು.

ಮಾರ್ಚ್ ತಿಂಗಳ ಸೆಕೆಯಲ್ಲಿ, ಗಾಳಿ ಬಿದ್ದು ಸಮುದ್ರ ಅಲ್ಲಾಡದೆ ಇರುವ ಬೆಳಿಗ್ಗೆ ಬಹಳ ದೂರದ ದನಿ ಬರುತ್ತದೆ. ಅಂಥ ಒಂದು ಬೆಳಿಗ್ಗೆ ಅವಳಿಗೆ ಮಲಯಾಳ ಸಿಕ್ಕಿತು. ಒಂದು ಅಕ್ಷರ ಅರ್ಥವಾಗದಿದ್ದರೂ ಅದು ಪೊಲೀಸರೇ ಎಂದು ಗೊತ್ತಾಯಿತಂತೆ, ಅವರೂ ಊಟದ ಸುದ್ದಿಯೇ ಮಾತಾಡುತ್ತಿದ್ದರು ಎಂದು ನಗುತ್ತಾಳೆ. ಆ ದಿನ ಅವಳು ಬಸ್ಸು ಹಿಡಿದು ಹೊನ್ನಾವರಕ್ಕೆ ಹೋಗಿ ದಾಸನಿಗೆ ಹೇಳಿ ಬಂದಳು. ದಾಸನ ಅಂಗಡಿಯಲ್ಲಿ ಈ ಹುಚ್ಚಿನವರು ನಾಲ್ಕೈದು ಜನ ಸೇರುತ್ತಿದ್ದರು. ಅದರಲ್ಲಿ ಹಿರಿಯರು ಕುಮಟೆಯ ತ್ರ್ಯಂಬಕ ಭಟ್ಟರು, ಅಂಚೆ ಇಲಾಖೆಯವರು. ಗಂಡಸರ ನಡುವೆ ಒಬ್ಬಳೇ ಹೆಂಗಸು ಸ್ಟೂಲಿನ ಮೇಲೆ ಕೂತು, ಮಲಯಾಳ ಹಿಡಿದೆ ಎಂದಾಗ ಭಟ್ಟರು ಎದ್ದು ನಿಂತು, "ನಿನ್ನ ಮರ ನೋಡುಕೆ ಬತ್ತೆ ತಂಗಿ," ಎಂದರಂತೆ. ಬಂದೂ ಬಂದರು. ಕೊಡೆ ಹಿಡಿದು ಮರದ ಕೆಳಗೆ ನಿಂತು ಎರಡು ಗೇಣಿನ ಕೊಳವೆಯನ್ನು ನೋಡಿದ್ದೇ ನೋಡಿದ್ದು.

ಭಟ್ಟರೇ ಅವಳಿಗೆ ಕಾನೂನು ತಿಳಿಸಿದವರು. ಲೈಸೆನ್ಸ್ ಇಲ್ಲದೆ ಕೇಳುವುದೂ ತಪ್ಪು, ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದು ಅದಕ್ಕಿಂತ ದೊಡ್ಡ ತಪ್ಪು. ಮೊದಲಿನದನ್ನು ಅವರಲ್ಲಿ ಯಾರಿಗೂ ಬಿಡಲಾಗಲಿಲ್ಲ, ಹಾಗಾಗಿ ಎರಡನೆಯದನ್ನು ಗಟ್ಟಿ ಹಿಡಿದರು. ದಾಸನ ಅಂಗಡಿಯ ಕ್ರಮವೇ ಹಾಗೆ. ಎಲ್ಲಿ ಸಿಕ್ಕಿತು, ಎಷ್ಟು ಸ್ವಚ್ಛ ಸಿಕ್ಕಿತು, ಯಾವ ಗಾಳಿಗೆ ಸಿಕ್ಕಿತು ಎಂದು ಹೇಳಬಹುದು. ಎಂತ ಹೇಳಿದರು ಎಂದು ಬಾಯಿ ಬಿಡುವ ಹಾಗಿಲ್ಲ. ಉಳಿದವರು ಎಷ್ಟು ಪಾಲಿಸಿದರೋ ನನಗೆ ಗೊತ್ತಿಲ್ಲ. ಅತ್ತಿಗೆ ಪಾಲಿಸಿದಳು, ಅದಕ್ಕೆ ನನ್ನ ಗಂಡನೇ ಸಾಕ್ಷಿ.

ನನ್ನ ಗಂಡ ರಾಜೀವ ಒಳ್ಳೆಯವನೇ, ಕೋಳಿ ಅಂಕದ ಚಟ ಒಂದು ಬಿಟ್ಟರೆ. ಒಂದು ಭಾನುವಾರ ಬೆಳಿಗ್ಗೆ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು, ಯಾವುದೋ ತೋಟದಲ್ಲಿ ಅಂಕ ಇದೆ ಎಂದು ಮಂಕಿಗೆ ಬಂದ. ಹೆಂಡತಿಯ ತವರು ದಾರಿಯಲ್ಲೇ ಇದೆಯಲ್ಲ, ತಿಂಡಿ ತಿಂದು ಹೋಗುವ ಎಂದು ಅಣ್ಣನ ಮನೆಗೆ ನುಗ್ಗಿದ. ಅತ್ತಿಗೆ ದೋಸೆ ಹೊಯ್ಯುತ್ತಿದ್ದಳು, ಕೂದಲ ಒಳಗೆ ಕಿವಿಯಲ್ಲಿ ಇಯರ್‌ಫೋನ್. ಪೊಲೀಸ್ ಜೀಪು ಅದೇ ತೋಟಕ್ಕೆ ಹೊರಟ ಸುದ್ದಿ ಅವಳ ಕಿವಿಗೆ ಬಿದ್ದದ್ದು ಇವನ ಬಟ್ಟಲಿಗೆ ಎರಡನೇ ದೋಸೆ ಬಿದ್ದ ಹೊತ್ತಿಗೆ. ಅವಳು ಒಂದು ಮಾತು ಹೇಳಲಿಲ್ಲ.

"ಭಾವ, ಮತ್ತೊಂದು ದೋಸೆ ಹಾಕ್ಲಾ?" ಎಂದಳು.

"ಸಾಕು ಅಕ್ಕ."

"ಒಂದು ತಿನ್ನಿ ಭಾವ."

"ಹೊಟ್ಟೆ ತುಂಬ್ತು ಮಾರಾಯ್ತಿ."

"ಮೂರು ತಿನ್ನದೆ ಹೋದ್ರೆ ಹೆಂಗೆ? ಇದೊಂದು ತಿಂದೇ ಹೋಗಿ."

ಅವನು ಕೈ ತೊಳೆದು ಹೊರಟ. ಮಧ್ಯಾಹ್ನದೊಳಗೆ ಅವನೂ ಅವನ ಹುಂಜವೂ ಠಾಣೆಯಲ್ಲಿ. ದೋಸೆ ಹೊಯ್ಯುವಾಗ ಅವಳ ಕಿವಿಯಲ್ಲಿ ರೇಡಿಯೋ ಇತ್ತು ಎಂದು ತಿಳಿದ ಮೇಲೆ ನಾನು ಮಂಕಿಗೆ ಹೋಗಿ ಅತ್ತಿಗೆಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಮನೆಯ ಅಳಿಯ ಠಾಣೆಯ ಬೆಂಚಿನ ಮೇಲೆ ಕೂರುತ್ತಾನೆಂದು ಗೊತ್ತಿದ್ದೂ ದೋಸೆ ಹೊಯ್ಯುತ್ತ ಕೂತೆಯಲ್ಲ, ನೀನು ಹೆಂಗಸಾ ಕಲ್ಲಾ ಎಂದೆ. ಅವಳು ತಲೆ ತಗ್ಗಿಸಲಿಲ್ಲ. "ಇಂದು ಭಾವಂಗೆ ಹೇಳಿದ್ರೆ ನಾಳೆ ಮತ್ತೊಬ್ಬಂಗೆ ಹೇಳುದು. ಆಮೇಲೆ ನಾ ಕೇಳುವವಳಲ್ಲ, ಸುದ್ದಿ ಹೊರುವವಳು. ದೋಸೆ ಅಂತೂ ಹಾಕ್ತೆ ಅಂದೆ, ಅವ್ರೇ ತಿನ್ಲಿಲ್ಲ," ಎಂದಳು. ಬಹಳ ದಿನ ನಾನು ಅವಳ ಹತ್ತಿರ ಮಾತು ಬಿಟ್ಟಿದ್ದೆ. ಈಗ ನಮ್ಮ ಮನೆಯಲ್ಲಿ ಯಾರಾದರೂ ಕಣ್ಣೆದುರಿನ ಒಳ್ಳೆಯದನ್ನು ಬೇಡ ಎಂದರೆ ರಾಜೀವನೇ ಹೇಳುತ್ತಾನೆ, "ಮೂರನೇ ದೋಸೆ ತಿನ್ನು ಮಾರಾಯಾ," ಎಂದು.

ಅತ್ತಿಗೆಗೆ ಒಬ್ಬನೇ ಮಗ, ನಿತೇಶ. ಆ ರೇಡಿಯೋದ ಗೊರಗೊರ ಕೇಳಿಯೇ ತೊಟ್ಟಿಲಲ್ಲಿ ಮಲಗಿದವನು. ಮಾತು ಬಂದಮೇಲೆ ತೆಂಗಿನ ಗೆರಟೆ ಬಾಯಿಗೆ ಹಿಡಿದು ಕಂಟ್ರೋಲ್ ಕಂಟ್ರೋಲ್ ಎಂದು ಹಟ್ಟಿಯ ದನವನ್ನು ಕರೆಯುತ್ತಿದ್ದ. "ಒತ್ತಿದ ಕೂಡ್ಲೆ ಮಾತಾಡ್ಬೇಡ," ಎಂದು ಅವಳು ಅವನನ್ನೂ ತಿದ್ದುತ್ತಿದ್ದಳು. ಅದರಿಂದಲೋ ಏನೋ, ಇವತ್ತಿಗೂ ಅವನ ಮಾತಿನ ರೀತಿ ಒಂಥರಾ. ಫೋನ್ ಮಾಡಿದರೆ, ಅಮ್ಮ, ಎನ್ನುತ್ತಾನೆ. ಸ್ವಲ್ಪ ತಡೆದು ಇನ್ನೊಮ್ಮೆ, ಅಮ್ಮ. ಆಮೇಲೆ ಇದ್ದದ್ದನ್ನೆಲ್ಲ ಉಸಿರು ಬಿಡದೆ ಹೇಳಿ ಮುಗಿಸುತ್ತಾನೆ.

ಅವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ. ಪರೀಕ್ಷೆ ಬರೆದ. ಪೊಲೀಸ್ ಇಲಾಖೆಯ ವಯರ್‌ಲೆಸ್ ವಿಭಾಗಕ್ಕೇ ಆಯ್ಕೆಯಾದ. ಮಂಕಿಯ ನಮ್ಮ ಕೇರಿಯಲ್ಲಿ ಪೊಲೀಸ್ ಆದವನು ಅವನೇ ಮೊದಲು, ನಾನು ಕುಮಟೆಯ ಅಂಗಡಿಯಲ್ಲಿ ಬ್ಲೌಸ್ ಹೊಲಿಸಲು ಬಂದವರಿಗೆಲ್ಲ ಪೇಡೆ ಹಂಚಿದೆ. ನೌಕರಿಗೆ ಮೊದಲು ನಡತೆ ವಿಚಾರಿಸಲು ಪೊಲೀಸರು ಮನೆಗೆ ಬರುತ್ತಾರಲ್ಲ, ಹಾಗೆ ಒಬ್ಬರು ಬಂದರು. ಜಗಲಿಯ ಮೇಲೆ ಕೂತು, ಕೆಮ್ಮಿ, "ನಿತೇಶ ನಾಯ್ಕರ ಮನೆ ಇದೇ ಹೌದಾ?" ಎಂದರು. ಒಳಗಿದ್ದ ಅತ್ತಿಗೆ ಆ ಕೆಮ್ಮನ್ನು ಕೂಡಲೇ ಗುರುತು ಹಿಡಿದಳು. ಕುಮಟೆಯ ಕೆಮ್ಮಿನವನು. ಇಪ್ಪತ್ತು ವರ್ಷ ದಿನಾ ಕೇಳಿದ ದನಿ ಈಗ ಕಾಲು ಮಡಿಸಿ ಅವಳ ಜಗಲಿಯಲ್ಲಿ ಕೂತಿದೆ, ಅವನ ತಲೆಯ ಮೇಲಿನ ಹಲಗೆಯಲ್ಲೇ ರೇಡಿಯೋ. ಅವಳು ಚಾ ತರಲಿಲ್ಲ, ಕಾಳುಮೆಣಸು ಜಜ್ಜಿ ಹಾಕಿದ ಕಷಾಯ ತಂದು ಎದುರಿಗೆ ಇಟ್ಟಳು.

"ನಂಗೆ ಗಂಟ್ಲು ಸಮ ಇಲ್ಲ ಅಂತ ನಿಮ್ಗೆ ಹೆಂಗೆ ಗೊತ್ತಾತು?" ಎಂದು ಅವರು ಕೇಳಿದರು.

"ಮೋರೆ ನೋಡಿ ಅಂದ್ಕಂಡೆ," ಎಂದಳು. ಅವರು ಲೋಟ ಬರಿದು ಮಾಡಿ, ಒಳ್ಳೆ ಮನೆತನ ಎಂದು ಹೇಳಿ ಹೋದರು.

ಆ ಸಂಜೆ ನಿತೇಶ ಅಡಿಗೆಮನೆಯ ಬಾಗಿಲಲ್ಲಿ ನಿಂತ. ನಾನೂ ಅಲ್ಲೇ ಇದ್ದೆ. "ಅಮ್ಮ," ಎಂದ. "ಅಮ್ಮ. ನಾ ಈಗ ಆಚೆ ಬದಿಯವ ಆದೆ. ಅಲ್ಲಿ ಮಾತಾಡುದನ್ನ ನೀ ಇಲ್ಲಿ ಕೂತ್ಕಂಡು ಕೇಳುದು ಇನ್ನು ಸಮ ಅಲ್ಲ, ನಂಗೆ ಹೇಳುಕೂ ಕಷ್ಟ, ಆದ್ರೂ ಹೇಳ್ಬೇಕು."

ಅತ್ತಿಗೆ ಒಲೆಯ ಬೆಂಕಿ ಹಿಂದೆ ಎಳೆದು, "ಆತು," ಎಂದಳು. ಅಷ್ಟೇ. ಬ್ಯಾಟರಿ ತೆಗೆದು ಮಂಜುವಿನ ಟಾರ್ಚಿಗೆ ಕೊಟ್ಟಳು. ರೇಡಿಯೋವನ್ನು ಅಡಗಿಸಿ ಇಡಲೂ ಇಲ್ಲ, ಹಲಗೆಯ ಮೇಲೆ ಇದ್ದಲ್ಲೇ ಬಿಟ್ಟಳು. ಕಣ್ಣಿಗೆ ಬೀಳುವಲ್ಲಿ ಇಟ್ಟುಕೊಂಡು ಮುಟ್ಟದೆ ಇರುವುದು ನನ್ನಂಥವಳ ಕೈಯಲ್ಲಿ ಆಗುವ ಕೆಲಸ ಅಲ್ಲ, ನಾನಾದರೆ ಎರಡನೇ ದಿನವೇ ಹಾಕುತ್ತಿದ್ದೆ.

ಒಂದು ವಿಷಯ ಮಾತ್ರ ಅವಳನ್ನು ಕೊರೆಯುತ್ತಿತ್ತು. ಅಷ್ಟು ಜನರ ದನಿ ಕೇಳಿದ ಸೆಟ್ಟಿನಲ್ಲಿ ಸ್ವಂತ ಮಗನ ದನಿ ಒಂದು ಸಲವೂ ಕೇಳಲಿಲ್ಲ. "ಅಂವ ಒತ್ತಿ ಒಂದುಸಿರು ತಡಿತ್ನೋ ಇಲ್ವೋ, ಯಾರಿಗೆ ಗೊತ್ತು," ಎಂದು ಒಮ್ಮೆ ನನ್ನ ಹತ್ತಿರ ಅಂದಳು. ಫೋನಿನಲ್ಲಿ ದಿನಾ ಮಾತಾಡುತ್ತಾನಲ್ಲ ಎಂದೆ. ಅದು ಬೇರೆ, ಇದು ಬೇರೆ ಎಂದಳು. ಕೆಲಸಕ್ಕೆ ನಿಂತ ಮಗನ ದನಿ ಅವಳಿಗೆ ಕೇಳಬೇಕಿತ್ತು, ಮನೆಗೆ ಮಾತಾಡುವ ಮಗನದಲ್ಲ. ಬೇರೆ ಏನೂ ಅವಳು ಬಯಸಿದ್ದನ್ನು ನಾನು ನೋಡಿಲ್ಲ.

ಅಷ್ಟರಲ್ಲಿ ಈ ಹುಚ್ಚಿನ ಕಾಲವೇ ಮುಗಿಯುತ್ತ ಬಂತು. ಹೈವೇಯಲ್ಲಿ ಎಂಥದೇ ಆಗಲಿ, ಜೀಪು ಹೊರಡುವ ಮೊದಲೇ ಅದರ ಫೋಟೋ ಊರವರ ಮೊಬೈಲಿನಲ್ಲಿ ಇರುತ್ತದೆ. ಪೊಲೀಸರೂ ಅರ್ಧ ಮಾತನ್ನು ಮೊಬೈಲಿನಲ್ಲೇ ಮುಗಿಸುತ್ತಾರೆ. ದಾಸ ರಿಪೇರಿ ಅಂಗಡಿಯಲ್ಲಿ ಮೊಬೈಲ್ ಕವರು ನೇತುಹಾಕಿದ. ಅತ್ತಿಗೆ ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ಚಾರ್ಜರಿನ ಡಬ್ಬಗಳಿವೆ. ತ್ರ್ಯಂಬಕ ಭಟ್ಟರು ತೀರಿಕೊಂಡರು. ಅವರ ಸೆಟ್ಟನ್ನು ಸೊಸೆ ಮಧುರಾ ಒರೆಸಿ ಶೋಕೇಸಿನಲ್ಲಿ ಇಟ್ಟಿದ್ದಾಳೆ, ನೋಡಿದವರು ಹಳೆಯ ಕಾಲದ್ದು ಚಂದ ಇದೆ ಎನ್ನುತ್ತಾರೆ. ಎರಡು ಗೇಣಿನ ಲೆಕ್ಕ ಗೊತ್ತಿದ್ದವರು ಮಂಕಿಯಿಂದ ಕುಮಟೆಯವರೆಗೆ ಹುಡುಕಿದರೆ ಇನ್ನು ಅತ್ತಿಗೆ, ದಾಸ ಇಬ್ಬರೇ.

ಪೊಲೀಸರ ಸೆಟ್ಟೂ ಬದಲಾಗತೊಡಗಿತು. ಹಳೆಯ ಸೆಟ್ಟಿನ ಮಾತನ್ನು ಯಾರ ರೇಡಿಯೋದಲ್ಲಿ ಬೇಕಾದರೂ ಕೇಳಬಹುದಿತ್ತು. ಹೊಸ ಡಿಜಿಟಲ್ ಸೆಟ್ಟಿನಲ್ಲಿ ಹಾಗಿಲ್ಲ, ಮಾತು ಒಡೆದು ಪುಡಿಯಾಗಿ ಹೋಗುತ್ತದೆ, ಆಚೆ ಅದೇ ಜಾತಿಯ ಸೆಟ್ಟು ಇದ್ದವರಿಗೆ ಮಾತ್ರ ಮತ್ತೆ ಮಾತಾಗುತ್ತದೆ. ಇದನ್ನು ನನಗೆ ತಿಳಿಸಿದ್ದು ನಿತೇಶ. ಗುಡ್ಡದ ಮೇಲಿನ ಟವರುಗಳನ್ನು ಹತ್ತಿ ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸುವ ತಂಡದಲ್ಲಿ ಅವನೇ ಇದ್ದ. ತಾಯಿಯ ಹವ್ಯಾಸವನ್ನು ಮಗನೇ ಮುಗಿಸುವ ಕೆಲಸ ಎಂದು ನನಗೆ ಬೇಸರವಾಯಿತು. ಅತ್ತಿಗೆ ಮಾತ್ರ, ಟವರ್ ಹತ್ತುವಾಗ ಬೆಲ್ಟ್ ಕಟ್ಟಿಕೊಳ್ಳುತ್ತೀಯಾ ಎಂದು ಕೇಳಿದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಕಡೆಯ ಸರದಿ ಬಂತು. ಆ ದಿನ ನಾನು ಹೊಲಿದ ಬ್ಲೌಸ್ ಕೊಡಲು ಮಂಕಿಗೆ ಹೋಗಿದ್ದೆ. ಅತ್ತಿಗೆ ಸಿಪ್ಪೆ ಒಣಗಿಸಲು ಮುರುಗಲು ಹಣ್ಣು ಸೀಳುತ್ತಿದ್ದಳು, ಕೈ ಮಣಿಕಟ್ಟಿನವರೆಗೆ ಕೆಂಪು. ಹಾಗಾಗಿ ಫೋನ್ ಬಂದಾಗ ನಾನೇ ಎತ್ತಿ ಸ್ಪೀಕರಿಗೆ ಹಾಕಿ ಅವಳೆದುರು ಹಿಡಿದೆ.

"ಅಮ್ಮ," ಎಂದ ನಿತೇಶ. "ಅಮ್ಮ. ಇಂದು ಮಧ್ಯಾಹ್ನದವರೆಗೆ ಫೋನ್ ಮಾಡ್ಬೇಡ, ಹಳೇದು ಇಂದು ಬಂದ್ ಆಗುದು. ಬಂದ್ ಮಾಡುಕೆ ಮುಂಚೆ ಭಟ್ಕಳ, ಹೊನ್ನಾವರ, ಕುಮಟಾ ಎಲ್ಲಾ ಠಾಣೆ ಒಂದ್ಸಲ ಕರ್ದು ಹೇಳ್ಬೇಕು. ಕರಿಯುದು ನಾನೇ."

"ಆತು," ಎಂದಳು.

ಅವನು ಫೋನ್ ಇಡಲಿಲ್ಲ. "ನೀ ಮನೇಲೆ ಇರ್ತ್ಯಾ?"

"ಮುರುಗಲು ಉಂಟು. ಇರ್ತೆ."

"ಹನ್ನೊಂದು ಗಂಟೆಗೂ ಮನೇಲೇ ಇರ್ತ್ಯಾ?"

"ಇರ್ತೆ ಮಗಾ."

"ಒಳಗೆ ಇರ್ತ್ಯಾ, ಹೊರಗೆ ಬಿಸಿಲಲ್ಲಿ ಇರ್ತ್ಯಾ?"

"ಮುರುಗಲು ಹೊರಗೇ ಅಲ್ದಾ ಒಣ್ಗುದು. ನೀ ಜಾಗ್ರತೆ ಕೆಲಸ ಮಾಡು," ಎಂದು ಅವಳು ಕಣ್ಣಲ್ಲೇ ನನಗೆ ಫೋನ್ ಇಡಲು ಹೇಳಿದಳು.

ನನಗೆ ಅರ್ಥವಾಯಿತು. ಅವಳಿಗಂತೂ ಆಗಿಯೇ ಇತ್ತು. ಮೂರು ಸಲ ಕೇಳಿದನಲ್ಲ, ಅದು ಅವನ ಮೂರನೇ ದೋಸೆ. ಕೇಳು ಎಂದು ಅವನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಹೇಳಲೂ ಇಲ್ಲ, ತಾಯಿಯ ಮಗ. ನಾನು ಚಪ್ಪಲಿ ಮೆಟ್ಟಿ ರಸ್ತೆಯ ಅಂಗಡಿಗೆ ಓಡಿದೆ, ದೊಡ್ಡ ಬ್ಯಾಟರಿ ನಾಲ್ಕು ತಂದು ಮೇಜಿನ ಮೇಲೆ ಕುಕ್ಕಿದೆ.

"ಹಾಕು," ಎಂದೆ.

"ಬೇಡ."

"ಅತ್ಗೆ, ನಾಳೆಯಿಂದ ಬೇಕಂದ್ರೂ ಇಲ್ಲ. ಅಂವ ಕರಿಯುದು ಇದೊಂದೇ ಸಲ. ಮಗನೇ ಹೇಳ್ದಂಗೆ ಆತಲ್ಲ."

"ಹೇಳ್ಲಿಲ್ಲ. ಮನೇಲಿ ಇರ್ತ್ಯಾ ಕೇಳ್ದ, ಇರ್ತೆ ಅಂದೆ."

"ನೀ ಕೇಳಿದ್ರೆ ಯಾರಿಗೆ ಗೊತ್ತಾಗ್ತದೆ?"

"ನಂಗೆ ಗೊತ್ತಾಗ್ತದಲ್ಲ," ಎಂದಳು. ದನಿ ಏರಿಸಲಿಲ್ಲ. "ಆತು ಅಂದಿದ್ದೆ ಕಲ್ಪನಾ. ಅಂವ ಪ್ರೀತಿಗೆ ಕ್ರಮ ಬಿಡ್ತ ಅಂತ ನಾ ಬಿಡುದಾ? ಅಂವ ಹೊಸ ಸೆಟ್ಟು ಹಾಕುದು ಎಂತಕ್ಕೆ, ಯಾರೂ ಕೇಳ್ಬಾರ್ದು ಅಂತ. ಅಂವನ ಮನೇಲೇ ಕೇಳುವವ್ರು ಇದ್ರೆ ಅಂವ ಮಾಡಿದ ಕೆಲ್ಸಕ್ಕೆ ಎಂತ ಮರ್ಯಾದಿ?"

ಬುಟ್ಟಿ ಎತ್ತಿಕೊಂಡು ಅಂಗಳಕ್ಕೆ ಇಳಿದಳು. ಚಾಪೆಯ ಮೇಲೆ ಮುರುಗಲ ಸಿಪ್ಪೆಯನ್ನು ಒಂದಕ್ಕೊಂದು ತಾಗದ ಹಾಗೆ ಹರಡತೊಡಗಿದಳು. ನಾನು ಜಗಲಿಯಲ್ಲಿ ಗಡಿಯಾರ ನೋಡುತ್ತ ಕೂತೆ. ಹನ್ನೊಂದಾಯಿತು. ಅವಳು ಮನೆಗೆ ಬೆನ್ನು ಹಾಕಿ ಕೂತಿದ್ದಳು, ಮೇಲೆ ತೆಂಗಿನ ಮರದಲ್ಲಿ ಎರಡು ಗೇಣಿನ ಕೊಳವೆ. ಎಲ್ಲೋ ಗುಡ್ಡದ ಮೇಲೆ ಅವಳ ಮಗ ಗುಂಡಿ ಒತ್ತಿ, ಒಂದುಸಿರು ತಡೆದು, ಊರೂರನ್ನು ಕರೆಯುತ್ತಿದ್ದಾನೆ. ಆ ದನಿ ಈ ಅಂಗಳದ ಮೇಲೆಯೇ ಹಾದುಹೋಗುತ್ತಿದೆ. ಒಂದು ಕ್ಷಣ ಅವಳ ಕೈ ನಿಂತಿತು. ಮತ್ತೆ ಸಿಪ್ಪೆ ಹರಡಿದಳು. ನನಗೆ ಅಳು ಬಂತು, ಸಿಟ್ಟಿಗೋ ಸಂಕಟಕ್ಕೋ ಗೊತ್ತಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡೆ.

ಊಟದ ಹೊತ್ತಿಗೆ ಫೋನಿಗೆ ನಿತೇಶನ ಸಂದೇಶ ಬಂತು, ಮುಗಿಯಿತು ಎಂದು. ಓದಿ ಹೇಳಿದೆ. ಅತ್ತಿಗೆ ಎದ್ದು ಕೈ ತಿಕ್ಕಿ ತಿಕ್ಕಿ ತೊಳೆದಳು. ಜಗಲಿಗೆ ಬಂದು ರೇಡಿಯೋವನ್ನು ಹಲಗೆಯಿಂದ ಇಳಿಸಿ, ನಾನು ತಂದ ಬ್ಯಾಟರಿಯನ್ನು ಒಂದೊಂದಾಗಿ ಹಾಕಿದಳು.

"ಈಗ ಎಂತಕ್ಕೆ? ಮುಗಿದೋತಲ್ಲ," ಎಂದೆ. ನನ್ನ ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

"ಹುಡುಗ ಕೆಲ್ಸ ಸಮಾ ಮಾಡಿದ್ನಾ ಇಲ್ವಾ ನೋಡ್ಬೇಕಲ್ದಾ," ಎಂದಳು.

ಇಷ್ಟು ವರ್ಷ ಮುಟ್ಟದಿದ್ದರೂ ಅವಳ ಬೆರಳು ಜಾಗ ಮರೆತಿರಲಿಲ್ಲ. ಹೊನ್ನಾವರ ಇರುತ್ತಿದ್ದಲ್ಲಿ ನಿಲ್ಲಿಸಿದಳು, ಬರೀ ಗಾಳಿಯ ಸದ್ದು. "ಇದು ಬಂದ್," ಎಂದಳು. ಕುಮಟೆ ಇರುತ್ತಿದ್ದಲ್ಲಿಗೆ ಬಂದಳು. "ಇದೂ ಬಂದ್." ಭಟ್ಕಳವೂ ಬಂದ್. ಊರಿಗೆ ಹೊರಟವರು ಮನೆಯ ಬಾಗಿಲು ಒಂದೊಂದನ್ನೇ ಎಳೆದು ನೋಡುವ ಹಾಗೆ ನೋಡಿದಳು. ಆಮೇಲೆ ಮುಳ್ಳನ್ನು ಇನ್ನೂ ಸ್ವಲ್ಪ ಸರಿಸಿದಾಗ ಗರ್ರ್ ಎಂಬ ಒರಟು ಸದ್ದು ಬಂತು. ಸೆಟ್ಟು ಹಾಳಾಗಿದೆ ಎಂದು ನಾನು ಹೇಳುವುದರೊಳಗೆ ಅವಳು ಕೈ ಎತ್ತಿ ಸುಮ್ಮನಿರಿಸಿದಳು. ಸದ್ದು ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು.

"ಮಾತಾಡ್ತಾ ಇದ್ರು," ಎಂದಳು.

"ಎಂತ ಹೇಳ್ತ್ರು?"

"ಗೊತ್ತಾಗುದಿಲ್ಲ." ಅವಳ ಮುಖ ಅರಳಿತು. ಮಗನಿಗೆ ನೌಕರಿ ಆದ ದಿನವೂ ನಾನು ಆ ಮುಖ ನೋಡಿರಲಿಲ್ಲ. "ಒಂದಕ್ಷರ ಗೊತ್ತಾಗುದಿಲ್ಲ ಕಲ್ಪನಾ. ಎಂಥಾ ಬೀಗ ಹಾಕಿದ್ದ ನೋಡು. ನಾ ಜನ್ಮ ಇಡೀ ಬಾಯಿ ಮುಚ್ಕಂಡು ಕಾದದ್ದು, ಇಂ‌ವ ಪೆಟ್ಗೆಗೇ ಕಲ್ಸಿದ್ದ."

ಆಗ ಸದ್ದು ಇನ್ನೊಮ್ಮೆ ಬಂತು. ಸಣ್ಣದೊಂದು, ಅಷ್ಟಕ್ಕೇ ನಿಂತಿತು. ಮತ್ತೆ ಸಣ್ಣದೊಂದು, ನಿಂತಿತು. ಆಮೇಲೆ ಉದ್ದಕ್ಕೆ ಒಂದು, ಉಸಿರು ಬಿಡದ ಹಾಗೆ. ಆ ತಡೆ, ಆ ಉದ್ದ ನಮಗಿಬ್ಬರಿಗೂ ಗುರುತಿದ್ದದ್ದೇ.

ಅತ್ತಿಗೆ ಅಂಗೈಯನ್ನು ರೇಡಿಯೋದ ಮೇಲೆ ಇಟ್ಟಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಲಿಲ್ಲ.

"ಮಾತು ಕೇಳ್ಲಿಲ್ಲ ನಾ," ಎಂದಳು. "ಅಲ್ದಾ?"

"ಇಲ್ಲ ಅತ್ಗೆ. ಒಂದಕ್ಷರ ಕೇಳ್ಲಿಲ್ಲ," ಎಂದೆ. ಇಷ್ಟು ಹೆಮ್ಮೆಯಿಂದ ನಾನು ಜೀವನದಲ್ಲಿ ಯಾರ ಪರವಾಗಿಯೂ ಸಾಕ್ಷಿ ಹೇಳಿಲ್ಲ.

ಅವಳು ರೇಡಿಯೋ ಬಂದ್ ಮಾಡಿ, ಬ್ಯಾಟರಿ ತೆಗೆದು ನನ್ನ ಕೈಗೆ ಕೊಟ್ಟಳು. ಸಂಜೆ ಅಣ್ಣನೂ ಮನೆಯಲ್ಲಿದ್ದ, ನಿತೇಶನ ಫೋನ್ ಬಂತು. ಅಮ್ಮ ಎಂದ, ಅಮ್ಮ ಎಂದ, ಆಮೇಲೆ, "ಮುರುಗಲು ಒಣ್ಗಿತಾ?" ಎಂದ.

"ಒಣ್ಗ್ತಾ ಉಂಟು. ಹೊರಗೇ ಇದ್ದೆ ನಾ," ಎಂದಳು. ಅವಳೇ ಮುಂದೆ ಹೇಳಿದಳು, "ನೀ ಹಾಕಿದ ಬೀಗ ಆಮೇಲೆ ಎಳ್ದು ನೋಡ್ದೆ ಮಗಾ. ಗಟ್ಟಿ ಉಂಟು."

ಎರಡು ಸಣ್ಣದು, ಒಂದು ಉದ್ದದ್ದು ಬಂದ ಸುದ್ದಿಯನ್ನು ಅವಳು ಅವನಿಗೆ ಹೇಳಲಿಲ್ಲ. ಕೇಳಿದ್ದನ್ನು ಹೊರಗೆ ಹೇಳುವ ಕ್ರಮ ನಮ್ಮ ಸೀತತ್ತಿಗೆಯಲ್ಲಿ ಇಲ್ಲ.